ಗಬ್ಬರ್ ಬೆಟ್ಟದ ಬುಡದಲ್ಲಿ ಟೆಂಟು

'ಶೋಲೆ' (1975) ನೋಡಿದವರಿಗೆ ರಾಮನಗರದ ಬಂಡೆಗಳ ನಡುವೆ ಒಂದು ರಾತ್ರಿ ಕಳೆಯುವ ಆಸೆ ಇದ್ದೇ ಇರುತ್ತೆ. ಆದರೆ ಗುರೂ, ಗಬ್ಬರ್ ಕಾಲ ಹೋಯ್ತು! 2012ರಿಂದ ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ಟೆಂಟು, ನಾಯಿ ಅಂತ ಅಲ್ಲಿಗೆ ಹೊರಡೋ ಹಾಗಿಲ್ಲ. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವ ಬಂಡೆಗಳು, ನ್ಯಾಯವೇ ಬಿಡಿ.

ಹೆಂಡತಿ, ಮಗಳು, ನಮ್ಮ ರಾಜ (ಜಾತಿ ನಾಯಿಯಲ್ಲ, ಬೀದಿಯಿಂದ ಬಂದವನು) ಸಮೇತ ನಾನು ಹಿಡಿದದ್ದು ದೂರಕ್ಕೆ ಬೆಟ್ಟ ಕಾಣುವ ಒಂದು ಮಾವಿನ ತೋಪು. ವಿಶಾಲ ಜಾಗ, ನೆರಳು, ಬೋರ್‌ವೆಲ್ ನೀರು. ಸದ್ದು ಅಂದ್ರೆ ಹಕ್ಕಿಗಳದ್ದೇ! ಬೆಳಕಿರುವಾಗಲೇ ಹೋಗಿ ಕೇಳಿದ್ದಕ್ಕೆ ತೋಪಿನ ಯಜಮಾನರು ಒಪ್ಪಿದರು. ಒಂದೇ ಷರತ್ತು:

"ಕತ್ತಲಾದ್ಮೇಲೆ ನಾಯೀನ ಹೊರಗೆ ಕಟ್ಬೇಡಿ ಸಾರ್. ಚಿರತೆ ಹುಡುಕ್ಕೊಂಡು ಬರೋದೇ ಅದನ್ನ."

ಮಗಳ ಮುಖ ಬಿಳಿಚಿಕೊಂಡಿತು. ಯಜಮಾನರ ಮನೆಯೊಳಗೇ ರಾಜನಿಗೆ ಗೋಣಿಚೀಲ ಹಾಸಿ ಬಾಗಿಲು ಹಾಕಿದ್ದಾಯ್ತು. ಮಗಳೂ ಅಲ್ಲೇ ಮಲಗಿದಳು. ಇನ್ನು ನಾವಿಬ್ಬರು ಮಾತ್ರ ಟೆಂಟಲ್ಲಿ ಇರೋದೇ?