ಕೈಯ ಮೌನ



ಮೌನವೆಂದರೆ ನಾಲಗೆಗೆ ಮಾತ್ರ ಸಂಬಂಧಿಸಿದುದೆಂದು ತಿಳಿದವರೇ ಬಹಳ. ಕೈಯೂ ಮೌನವಾಗಿರಬೇಕಾದ ಹೊತ್ತುಂಟು. ಇಸ್ಪೀಟಿನ ಪೋಕರ್ ಆಟ ಇದಕ್ಕೊಂದು ನಿದರ್ಶನ. ಜೂಜನ್ನು ಕೊಂಡಾಡುವುದಕ್ಕಲ್ಲ, ಅದರೊಳಗಿನ ಮನೋವ್ಯಾಪಾರವನ್ನು ಅರಿಯುವುದಕ್ಕಾಗಿ ಇದನ್ನು ಪರಿಶೀಲಿಸಬೇಕಾಗಿದೆ.

ಆಳಂದ ತಾಲ್ಲೂಕಿನ ಹಿರೋಳ್ಳಿಯ ತೊಗರಿ ಬೆಳೆಗಾರನೊಬ್ಬನನ್ನು ಭಾವಿಸಿಕೊಳ್ಳಬಹುದು. ತೀನ್ ಪತ್ತಿಯಲ್ಲಿ ಪಳಗಿದ ಆತ ಪೋಕರ್ ಆಡಲು ಕುಳಿತಿದ್ದಾನೆ. ತೀನ್ ಪತ್ತಿಯಲ್ಲಿ ಸರದಿ ಬಂದವನು ಹಣ ಹಾಕಬೇಕು, ಇಲ್ಲವೆ ಎಲೆ ಒಗೆಯಬೇಕು. ಬರಿದೆ ಕುಳಿತಿರುವ ಹಕ್ಕು ಅಲ್ಲಿಲ್ಲ. ಪೋಕರಿನಲ್ಲಿ ಅದುಂಟು. ಆ ಸುತ್ತಿನಲ್ಲಿ ಇನ್ನೂ ಯಾರೂ ಪಣ ಹಾಕದಿದ್ದರೆ ಏನನ್ನೂ ಹಾಕದೆ, ಏನನ್ನೂ ಬಿಡದೆ ಉಳಿಯಬಹುದು. ಇದಕ್ಕೆ ಚೆಕ್ ಎಂದು ಹೆಸರು. ಹಾಕುವುದೇ ಪೌರುಷವೆಂದು ಕಲಿತ ಕೈಗೆ ಈ ಮೂರನೆಯ ದಾರಿ ಹೇಡಿತನವಾಗಿ ತೋರುತ್ತದೆ. ಆತ ಸೋಲುವುದು ಇಲ್ಲಿಯೇ.

ನಡುವಿನ ರಾಶಿ 100 ರೂಪಾಯಿ. ಎಲ್ಲರಿಗೂ ಸೇರಿದ ಐದು ಎಲೆಗಳು ರಾಜ, ಗುಲಾಮ, 7, 4, 2. ಒಂದೇ ಬಣ್ಣದ ಸಾಲಿಗೆ ಅವಕಾಶವಿಲ್ಲ. ಇವನ ಕೈಯಲ್ಲಿ ಗುಲಾಮ ಮತ್ತು 9. ಕಡೆಯ ಸುತ್ತು, ಎದುರಾಳಿ ಒಬ್ಬನೇ, ಅವನು ಚೆಕ್ ಎಂದಿದ್ದಾನೆ. ಗುಲಾಮರ ಜೋಡಿ ಒಳ್ಳೆಯದಲ್ಲವೆ, 50 ರೂಪಾಯಿ ಹಾಕಿದರೇನು ಎಂದು ಮನಸ್ಸು ಕೇಳುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಆ 50ಕ್ಕೆ ಸರಿಗಟ್ಟುವವರು ಯಾರು? 7ರ ಜೋಡಿಯವನು ಬಹುಪಾಲು ಎಲೆ ಒಗೆಯುತ್ತಾನೆ, ರಾಜನುಳ್ಳವನು ಒಗೆಯುವುದಿಲ್ಲ. ಸೋಲುವವರು ಹೊರಟುಹೋಗಿ ಗೆಲ್ಲುವವನೊಬ್ಬನೇ ಎದುರಿಗೆ ಉಳಿಯುತ್ತಾನೆ.

ವಿಚಿತ್ರವೆಂದರೆ, ಅದೇ ಜಾಗದಲ್ಲಿ 10 ಮತ್ತು 9 ಹಿಡಿದು ಯಾವ ಜೋಡಿಯೂ ಇಲ್ಲದವನಿಗೆ ಪಣ ಹಾಕಲು ಹೆಚ್ಚು ಕಾರಣವಿದೆ. ಎಲೆ ತೋರಿಸಿದರೆ ಅವನ ಸೋಲು ಹೆಚ್ಚುಕಡಿಮೆ ನಿಶ್ಚಿತ. 50 ಹಾಕಿ 100ಕ್ಕೆ ಕೈ ಚಾಚುವ ಅವನಿಗೆ ಎದುರಾಳಿ ಮೂರರಲ್ಲಿ ಒಂದು ಸಲ ಹಿಂದೆ ಸರಿದರೆ ನಷ್ಟವಿಲ್ಲ. ಎರಡು ಜೋಡಿಯುಳ್ಳವನೂ ಹಾಕಬೇಕು, ಏಕೆಂದರೆ ಅವನಿಗೆ ಹಣ ಕೊಡಲು ರಾಜನುಳ್ಳವನಿದ್ದಾನೆ. ಸುಮ್ಮನಿರಬೇಕಾದವನು ನಡುವಿನವನು. ಎಲೆಗಳು ಇನ್ನೂ ಬರಲಿರುವ ಮೊದಲ ಸುತ್ತುಗಳಲ್ಲಿ ಈ ಲೆಕ್ಕ ಸಡಿಲವಾಗುತ್ತದೆ. ಅಲ್ಲಿ ಸುಮ್ಮನಿದ್ದರೆ ಎದುರಾಳಿಗೆ ಪುಕ್ಕಟೆಯಾಗಿ ಇನ್ನೊಂದು ಎಲೆ ಕೊಟ್ಟಂತೆ.

ಪೋಕರ್ ಕೌಶಲದ ಆಟವೆಂಬ ವಾದವನ್ನು ಕರ್ನಾಟಕ ಹೈಕೋರ್ಟು 2013ರಲ್ಲಿ ಮನ್ನಿಸಿತ್ತು. ಕೇಂದ್ರದ 2025ರ ಆನ್‌ಲೈನ್ ಆಟಗಳ ಕಾಯ್ದೆಯಾದರೋ ಕೌಶಲ, ಅದೃಷ್ಟಗಳ ಭೇದವೆಣಿಸದೆ ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ. ಮನೆಗಳು ಮುರಿದುದನ್ನು ಕಂಡವರಿಗೆ ಇದು ತಪ್ಪೆನಿಸದು.

ಹಿರೋಳ್ಳಿಯವನ ಸರದಿ ಬಂದಿದೆ. ಆತ ಚೆಕ್ ಎಂದು ಗುಲಾಮನನ್ನು ತಿರುವಿಡುತ್ತಾನೆ. ಎದುರಿಗೆ 7ರ ಜೋಡಿಯಿದ್ದರೆ ರಾಶಿ ಇವನದು, ರಾಜನಿದ್ದರೆ ಅವನದು. ಎರಡರಲ್ಲಿಯೂ ಆ 50 ರೂಪಾಯಿ ಇವನ ಜೇಬಿನಲ್ಲಿಯೇ ಇರುತ್ತದೆ.