ಅಪ್ಪ ಮುಟ್ಟಿದ ಸಮುದ್ರ

ಶಹಾಬಾದಿನಲ್ಲಿ ಬೆಳೆದ ನಮಗೆ ಕಲ್ಲು ಗೊತ್ತು, ಸಮುದ್ರ ಗೊತ್ತಿರಲಿಲ್ಲ. ಮನೆಯ ನೆಲ, ಗೋಡೆ, ಮಾಳಿಗೆ ಎಲ್ಲವೂ ಪರ್ಸಿ ಕಲ್ಲೇ. ಅಪ್ಪ ನಲವತ್ತು ವರ್ಷ ಗಣಿಯಲ್ಲಿ ಆ ಕಲ್ಲು ಎಬ್ಬಿಸಿದವರು. ಅವರು ಕಂಡ ದೊಡ್ಡ ನೀರೆಂದರೆ ಹೊನಗುಂಟದ ಸಂಗಮ. ಚಿಂಚೋಳಿ ಕಡೆಯ ಮುಲ್ಲಾಮಾರಿಯನ್ನು ಕೂಡಿಸಿಕೊಂಡು, ಸೇಡಂ, ಚಿತ್ತಾಪುರದ ನೆಲ ದಾಟಿ ಬರುವ ಕಾಗಿಣಾ ಅಲ್ಲಿ ಭೀಮೆಯನ್ನು ಸೇರುತ್ತದೆ.

ಅಪ್ಪ ಅಮ್ಮ ಇಬ್ಬರಿಗೂ ಸಮುದ್ರ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಕೆಲಸ, ರಜೆ, ದುಡ್ಡು ಎನ್ನುತ್ತ ಮುಂದೂಡಿದೆ. ಅಷ್ಟರಲ್ಲಿ ಅಮ್ಮ ಹೋದಳು. ಉಳಿದ ಅರ್ಧ ಮಾತನ್ನಾದರೂ ಉಳಿಸಿಕೊಳ್ಳಬೇಕೆಂದು ಒಂದು ಜನವರಿಯಲ್ಲಿ ಅಪ್ಪನನ್ನು ಕರೆದುಕೊಂಡು ವಾಡಿಯಲ್ಲಿ ಮುಂಬೈ ರೈಲು ಹತ್ತಿದೆ.

ಮುಂಬೈನಿಂದ ಗೋವಾಕ್ಕೆ ದೊಡ್ಡ ಹಡಗು. ಅದನ್ನು ಆರಿಸಿದ್ದು ಅಪ್ಪನ ಮೊಣಕಾಲು ನೋವು ನೋಡಿ. ಲಿಫ್ಟು, ಮೆತ್ತನೆಯ ಹಾಸಿಗೆ, ಹೊತ್ತುಹೊತ್ತಿಗೆ ಊಟ, ಬೇಕೆಂದಾಗ ವೈದ್ಯರು. ಇಂಥ ಹಡಗುಗಳ ಎರಡು ಬದಿಗೆ ನೀರೊಳಗೆ ಮೀನಿನ ರೆಕ್ಕೆಯಂಥ ಹಲಗೆಗಳಿರುತ್ತವೆ. ಅಲೆಗೆ ತಕ್ಕಂತೆ ಅವು ಓರೆಯಾಗಿ ಹೊರಳಾಟ ತಗ್ಗಿಸುತ್ತವೆ. ಅಪ್ಪನಿಗೆ ವಾಂತಿಯಾಗಲಿಲ್ಲ, ತಲೆ ಸುತ್ತಲಿಲ್ಲ. ಬೆಳಿಗ್ಗೆ ಮೇಲಿನ ಅಂತಸ್ತಿನ ಕಟಕಟೆ ಹಿಡಿದು ಬಹಳ ಹೊತ್ತು ನಿಂತವರು ಕೊನೆಗೆ ಅಂದರು: "ಮಾಳಗಿ ಮ್ಯಾಲ ನಿಂತು ಮಂದಿ ಹೊಲ ನೋಡಿದಂಗ ಅದ."

ನನಗೆ ಸಿಟ್ಟು ಬಂತು. ವರ್ಷದ ಉಳಿತಾಯ ಸುರಿದಿದ್ದೆ. ಆದರೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ನೀರು ಎಷ್ಟೋ ಕೆಳಗಿತ್ತು. ಅದರ ವಾಸನೆಗಿಂತ ಅಡುಗೆಮನೆಯ ವಾಸನೆಯೇ ಹತ್ತಿರವಿತ್ತು. 2024ರಲ್ಲಿ ಯಾನ ಶುರುಮಾಡಿದ 'ಐಕಾನ್ ಆಫ್ ದಿ ಸೀಸ್' ಹಡಗಿನ ಉದ್ದ 365 ಮೀಟರ್. ಅದು ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರಬಲ್ಲದು. ಅಷ್ಟು ದೊಡ್ಡ ಊರೇ ತೇಲುವಾಗ ಸಮುದ್ರ ಅದರ ಹಿತ್ತಲಾಗುತ್ತದೆ.

ಗೋವಾದಿಂದ ರೈಲಿನಲ್ಲಿ ಉಡುಪಿಗೆ ಇಳಿದೆವು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ. ಡೀಸೆಲ್ ಹೊಗೆ, ಮೀನಿನ ವಾಸನೆ, ಮೈಮೇಲೆ ಉಪ್ಪುನೀರು. ದ್ವೀಪದ ಬಳಿ ಆಳ ಕಡಿಮೆ, ಅಲ್ಲಿ ಇನ್ನೂ ಸಣ್ಣ ದೋಣಿಗೆ ದಾಟಬೇಕು. ಎರಡು ದೋಣಿಗಳೂ ಒಂದೊಂದು ಕಡೆ ಕುಣಿಯುತ್ತಿದ್ದವು. ಅಪ್ಪನ ಕಾಲು ನಡುಗಿತು. ಕೈ ಹಿಡಿದ ನನ್ನ ಎದೆಯೂ ನಡುಗಿತು. ಇವರಿಗೇನಾದರೂ ಆದರೆ ಎಂಬ ಭಯದಲ್ಲಿ, ದೊಡ್ಡ ಹಡಗನ್ನು ಹಗುರವಾಗಿ ಕಾಣಬಾರದೆಂದು ತಿಳಿಯಿತು. ಅದಿಲ್ಲದಿದ್ದರೆ ಈ ಮೊಣಕಾಲಿನವರು ಸಮುದ್ರದ ನಡುವೆ ಎರಡು ರಾತ್ರಿ ಕಳೆಯುವುದು ಸಾಧ್ಯವಿರಲಿಲ್ಲ.

ಆದರೆ ದಡ ಮುಟ್ಟಿಸಿದ್ದು ಸಣ್ಣ ದೋಣಿಯೇ. ಅಂಟಾರ್ಕ್ಟಿಕಾದಲ್ಲೂ ಹಾಗೆಯೇ: 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನವರು ದಡಕ್ಕಿಳಿಯುವಂತಿಲ್ಲ. ಉಳಿದವರೂ ಒಂದು ಕಡೆ ಒಮ್ಮೆಗೆ ನೂರು ಜನ ಮಾತ್ರ, ಅದೂ ಸಣ್ಣ ದೋಣಿಗಳಲ್ಲಿ.

ದ್ವೀಪದಲ್ಲಿ ಅಪ್ಪ ನೀರು ಮರೆತು ಕಲ್ಲಿನ ಮುಂದೆ ಕೂತರು. ಆರು ಮೂಲೆಯ ಕಂಬಗಳು, ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅಂಚಿನ ಮೇಲೆ ಬೆರಳಾಡಿಸಿ ಕೇಳಿದರು: "ಇಷ್ಟು ನೆಟ್ಟಗ ಯಾರು ಕಡದಾರ?" ಯಾರೂ ಅಲ್ಲ, ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ಹಿಂದೆ ಲಾವಾ ಆರುತ್ತ ಕುಗ್ಗಿ, ಹೀಗೆ ಸೀಳಿದೆ ಎಂದೆ. ನಂಬಲಿಲ್ಲ. ಅಲೆ ಬಂದು ಧೋತರ ತೊಯ್ಯಿಸಿತು. ಎದ್ದೇಳಲಿಲ್ಲ.

ಮರಳುವಾಗ ವಾಡಿ ಹತ್ತಿರ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು ಕಂಡವು. ಆಗ ಹೇಳಿದೆ: ನಮ್ಮ ಪರ್ಸಿ ಕಲ್ಲು, ಈ ಸಿಮೆಂಟಿನ ಸುಣ್ಣಕಲ್ಲು, ಎಲ್ಲವೂ ಒಂದು ಕಾಲಕ್ಕೆ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಕೆಸರು. ನಮ್ಮೂರು ಇರುವುದೇ ಆ ಸಮುದ್ರದ ತಳದ ಮೇಲೆ.

ಅಪ್ಪ ಕಿಟಕಿಯಾಚೆ ನೋಡುತ್ತ ಸುಮ್ಮನಿದ್ದರು. ಆಮೇಲೆ, "ಹಂಗಾರ ನಾ ನಲವತ್ತು ವರ್ಷ ಸಮುದ್ರದಾಗೇ ದುಡದೀನೇನು?" ಎಂದು ನಕ್ಕರು. ರೈಲು ನಿಧಾನವಾಗತೊಡಗಿತು. ಚೀಲ ತೊಡೆಯ ಮೇಲೆ ಎಳೆದುಕೊಂಡು ಹೇಳಿದರು: "ಇದು ನಿಮ್ಮವ್ವಗ ಹೇಳಬೇಕಿತ್ತು."