ತಂತಿಯನ್ನು ತುಂಡರಿಸದ ಅಳತೆ

ಪರ್ವತದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ತಿಳಿಯುವುದು ತರ್ಕಶಾಸ್ತ್ರದ ಮೊದಲ ಪಾಠ. ತಂತಿಯೊಳಗೆ ಹರಿಯುವ ವಿದ್ಯುತ್ತನ್ನು ಕಣ್ಣಾರೆ ಕಂಡವರಿಲ್ಲ. ಅದನ್ನೂ ಲಿಂಗದಿಂದಲೇ ಅನುಮಾನಿಸಬೇಕು. ಪ್ರವಾಹವಿದ್ದಲ್ಲಿ ತಂತಿಯ ಸುತ್ತಲೂ ಅಯಸ್ಕಾಂತಶಕ್ತಿಯು ತಪ್ಪದೆ ಹುಟ್ಟುವುದೆಂಬ ವ್ಯಾಪ್ತಿಯನ್ನು ಡೆನ್ಮಾರ್ಕಿನ ಅರ್ಸ್ಟೆಡನು 1820ರಲ್ಲಿಯೇ ತೋರಿಸಿದ್ದನು. ಆದರೆ ಆ ಶಕ್ತಿಯನ್ನು ಸೂಜಿಯ ಹೊರಳಾಟವಿಲ್ಲದೆ ಅಳೆಯುವ ಉಪಾಯವೊಂದು ದೊರೆತದ್ದು ಒಬ್ಬ ಶಿಷ್ಯನ ಸಂದೇಹದಿಂದ.

1879ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಎಡ್ವಿನ್ ಹಾಲ್ ಎಂಬ ತರುಣನು ವ್ಯಾಸಂಗ ಮಾಡುತ್ತಿದ್ದನು. ಅಯಸ್ಕಾಂತದ ಬಲವು ಪ್ರವಾಹವನ್ನು ಹೊತ್ತ ಲೋಹದ ಮೇಲೆ ಬೀಳುವುದೇ ಹೊರತು ಪ್ರವಾಹದ ಮೇಲಲ್ಲವೆಂದು ಮ್ಯಾಕ್ಸ್‌ವೆಲ್ ಪಂಡಿತನು ತನ್ನ ಮಹಾಗ್ರಂಥದಲ್ಲಿ ಬರೆದಿದ್ದನು. ಹಾಲನಿಗೆ ಇದು ಒಪ್ಪಿಗೆಯಾಗಲಿಲ್ಲ. ಪ್ರವಾಹವಿಲ್ಲದ ತಾಮ್ರದ ತಂತಿಯನ್ನು ಅಯಸ್ಕಾಂತವು ಲಕ್ಷಿಸುವುದೇ ಇಲ್ಲವಲ್ಲ! ಅವನು ಗುರುವಾದ ಹೆನ್ರಿ ರೋಲೆಂಡನನ್ನು ಕೇಳಿದನು. ಗುರುವು ಗದರಿಸಲಿಲ್ಲ, ತನಗೂ ಅದೇ ಶಂಕೆಯುಂಟೆಂದೂ, ಪರೀಕ್ಷಿಸಿ ನೋಡಿ ಫಲವನ್ನು ಕಾಣಲಿಲ್ಲವೆಂದೂ ತಿಳಿಸಿದನು. ಇಂತಹ ಗುರುಗಳು ಯಾವ ದೇಶದಲ್ಲಿಯೂ ವಿರಳ.

ಹಾಲನು ಗಾಜಿನ ಫಲಕದ ಮೇಲೆ ಚಿನ್ನದ ರೇಕನ್ನು ಅಂಟಿಸಿ, ಅದರ ಉದ್ದಕ್ಕೂ ಪ್ರವಾಹವನ್ನು ಹರಿಯಿಸಿ, ಬಲವಾದ ವಿದ್ಯುದಯಸ್ಕಾಂತದ ಧ್ರುವಗಳ ನಡುವೆ ಇಟ್ಟನು. ರೇಕಿನ ಎರಡು ಅಂಚುಗಳ ನಡುವೆ, ಪ್ರವಾಹಕ್ಕೆ ಅಡ್ಡಲಾಗಿ, ಸಣ್ಣದೊಂದು ವಿದ್ಯುದೊತ್ತಡವು ತೋರಿತು. ಪ್ರವಾಹವೇ ಮಗ್ಗುಲಿಗೆ ತಳ್ಳಲ್ಪಟ್ಟಿತ್ತು. ಇದು ಅಕ್ಟೋಬರ್ ತಿಂಗಳ ಮಾತು. ನವೆಂಬರಿನಲ್ಲಿ ಮ್ಯಾಕ್ಸ್‌ವೆಲ್ ಕಾಲವಾದನು. ಪ್ರವಾಹವನ್ನು ಒಯ್ಯುವ ಎಲೆಕ್ಟ್ರಾನೆಂಬ ಕಣವು ಪತ್ತೆಯಾದದ್ದು 1897ರಲ್ಲಿ.

ಲೋಹಗಳಲ್ಲಿ ಈ ಅಡ್ಡ ಒತ್ತಡವು ಅತ್ಯಲ್ಪ. ಇಂಡಿಯಂ ಆಂಟಿಮೊನೈಡಿನಂತಹ ಅರೆವಾಹಕಗಳಲ್ಲಿ ಬಹಳ ಹೆಚ್ಚು. ಆದಕಾರಣ ಈಗಿನ ಅಳತೆಗಾರರು ಅರೆವಾಹಕದ ತೆಳುವಾದ ತುಣುಕೊಂದಕ್ಕೆ ಸ್ಥಿರವಾದ ಕಿರುಪ್ರವಾಹವನ್ನು ಕೊಟ್ಟು, ಅದನ್ನು ತಂತಿಯ ಬಳಿ ಇಡುವರು. ತಂತಿಯ ಪ್ರವಾಹವು ಹೆಚ್ಚಿದ ಪ್ರಮಾಣದಲ್ಲಿಯೇ ತುಣುಕಿನ ಅಡ್ಡ ಒತ್ತಡವೂ ಹೆಚ್ಚುವುದು.

ಆದರೆ ತೊಡಕೊಂದುಂಟು. 1 ಆಂಪಿಯರ್ ಪ್ರವಾಹವು 1 ಸೆಂಟಿಮೀಟರ್ ದೂರದಲ್ಲಿ ಉಂಟುಮಾಡುವ ಅಯಸ್ಕಾಂತಕ್ಷೇತ್ರವು ಕೇವಲ 20 ಮೈಕ್ರೊಟೆಸ್ಲಾ. ಭೂಮಿಯ ಕ್ಷೇತ್ರವೇ ಸುಮಾರು 25ರಿಂದ 65ರವರೆಗೆ ಇರುವುದು. ಮಂಜನ್ನು ಹೊಗೆಯೆಂದು ಭ್ರಮಿಸಿದರೆ ಅನುಮಾನವು ಕೆಡುವುದಷ್ಟೆ. ಇದಕ್ಕೆ ಪರಿಹಾರವಾಗಿ ತಂತಿಯ ಸುತ್ತ ಫೆರೈಟಿನ ಬಳೆಯನ್ನು ತೊಡಿಸಿ, ಬಳೆಯಲ್ಲಿ ಸಂದೊಂದನ್ನು ಬಿಟ್ಟು, ತುಣುಕನ್ನು ಅದರಲ್ಲಿ ಕೂರಿಸುವರು. ಸಂದು 1 ಮಿಲಿಮೀಟರಾದರೆ, ಅದೇ 1 ಆಂಪಿಯರಿಗೆ ಅಲ್ಲಿನ ಕ್ಷೇತ್ರವು ಸುಮಾರು 1,250 ಮೈಕ್ರೊಟೆಸ್ಲಾ ಆಗುವುದು.

ಹಳೆಯ ಆಂಪಿಯರ್ ಮಾಪಕವನ್ನು ಜೋಡಿಸಲು ದೀಪವನ್ನಾರಿಸಿ ತಂತಿಯನ್ನು ಬಿಡಿಸಬೇಕಾಗಿತ್ತು. ಇಕ್ಕಳದಂತೆ ಬಾಯಿ ತೆರೆಯುವ ಬಳೆಯುಳ್ಳ ಮಾಪಕಕ್ಕೆ ಅದೊಂದೂ ಬೇಡ. ತಂತಿಸುರುಳಿಯನ್ನೇ ನಂಬಿದ ಇಕ್ಕಳಗಳು ಹಿಂದುಮುಂದಾಗುವ ಪ್ರವಾಹವನ್ನಷ್ಟೆ ಅರಿಯಬಲ್ಲವು; ಹಾಲನ ತುಣುಕುಳ್ಳ ಇಕ್ಕಳವು ಬ್ಯಾಟರಿಯ ಏಕಮುಖ ಪ್ರವಾಹವನ್ನೂ ತಿಳಿಸುವುದು. ಒಂದೇ ನಿಯಮ: ದೀಪಕ್ಕೆ ಹೋಗುವ ಮತ್ತು ಹಿಂದಿರುಗುವ ತಂತಿಗಳೆರಡನ್ನೂ ಕೂಡಿಸಿ ಇಕ್ಕಳದೊಳಗೆ ಹಿಡಿಯಬಾರದು. ಹಾಗೆ ಹಿಡಿದರೆ ದೀಪವು ಪ್ರಜ್ವಲಿಸುತ್ತಿದ್ದರೂ ಮಾಪಕವು ಸೊನ್ನೆಯನ್ನೇ ತೋರಿಸುವುದು.